ಮಾವನವರ ಹಿಂಬಡ್ತಿ

ದೇವರು ಮನುಷ್ಯನಿಗೆ ಎರಡು ಕಿವಿ, ಒಂದು ಬಾಯಿ ಕೊಟ್ಟಿದ್ದು ಹೆಚ್ಚು ಕೇಳಲಿ, ಕಡಿಮೆ ಮಾತಾಡಲಿ ಎಂದಂತೆ. ನಮ್ಮ ಎದುರುಮನೆಯವನಿಗೂ ಲೆಕ್ಕದ ಪ್ರಕಾರವೇ ಕೊಟ್ಟಿದ್ದ. ಆದರೆ ಆ ಮಹಾನುಭಾವ ಕಿವಿಗಳನ್ನು ಕನ್ನಡಕ ಸಿಕ್ಕಿಸುವುದಕ್ಕೆ ಮಾತ್ರ ಬಳಸುತ್ತಿದ್ದ. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧ ಮಾತಿಗೇ ಕೈ ಎತ್ತಿ, "ಅರ್ಥ ಆಯ್ತು ಬಿಡಿ" ಎನ್ನುವನು. ಹೀಗಾಗಿ ಹೆತ್ತವರು ಇಟ್ಟ ಹೆಸರು ಆಫೀಸಿನ ಹಾಜರಿಗೆ ಮಾತ್ರ ಉಳಿದು, ಬೀದಿಗೆಲ್ಲ ಅವನು ಅರ್ಥಾಯ್ತಪ್ಪ ಆಗಿದ್ದ.

ಒಮ್ಮೆ ಕಿವಿನೋವೆಂದು ಡಾಕ್ಟರ ಹತ್ತಿರ ಹೋದ. ಅವರು ಬಾಟಲಿ ಕೈಗಿಟ್ಟು, "ಬೆಳಿಗ್ಗೆ ಸಂಜೆ ಎರಡೆರಡು ಹನಿ..." ಎನ್ನುವಷ್ಟರಲ್ಲಿ ಅರ್ಥ ಮಾಡಿಕೊಂಡು ಎದ್ದು ಬಂದು, ವಾರವಿಡೀ ಹನಿ ಎಣಿಸಿ ಎಣಿಸಿ ಕುಡಿದ. ನೋವೂ ಹೋಯಿತು! "ಡಾಕ್ಟರ ಕೈಗುಣ ದೊಡ್ಡದು ಸಾರ್, ಔಷಧಿ ಮಾತ್ರ ವಿಪರೀತ ಕಹಿ" ಎಂದು ನನ್ನ ಮುಂದೆಯೇ ಹೊಗಳಿದ. ಇಂಥವನಿಗೆ ಬುದ್ಧಿ ಹೇಳುವುದು ಹೇಗೆ?

ಕೆಲಸ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಇವನನ್ನು ಅಲ್ಲಿ ಕೂರಿಸಿದವರ ಬುದ್ಧಿವಂತಿಕೆಯ ಬಗ್ಗೆ ನಾನು ಮಾತಾಡುವುದಿಲ್ಲ. ಒಬ್ಬಾಕೆ ಫೋನಿನಲ್ಲಿ "ಸಾರ್, ನಮ್ಮ ಬೀದೀಲಿ ನೀರು..." ಎಂದಳು. ಅರ್ಥ ಆಯ್ತು ಎಂದು ಟ್ಯಾಂಕರ್ ಕಳಿಸಿಯೇಬಿಟ್ಟ. ಅಲ್ಲಿ ನೋಡಿದರೆ ಪೈಪು ಒಡೆದು ಮೊಣಕಾಲುದ್ದ ನೀರು ನಿಂತಿತ್ತು. ಟ್ಯಾಂಕರಿನವನು ಆಜ್ಞೆಯಾಗಿದೆಯೆಂದು ಅದರ ಮೇಲೆಯೇ ಸುರಿದು ಬಂದ. ಇಂಥ ಸಾಧನೆಗಳಿಂದಾಗಿ ಬಡ್ತಿ ಎಂಬುದು ಅರ್ಥಾಯ್ತಪ್ಪನ ಮೇಜಿನ ಮುಂದಿನಿಂದಲೇ ಹಾದು ಪಕ್ಕದ ಮೇಜಿಗೆ ಹೋಗುತ್ತಿತ್ತು. ಅವನೇ ಕೈಹಿಡಿದು ಕೆಲಸ ಕಲಿಸಿದವರು ಈಗ ಅವನಿಗೆ ಮೆಮೊ ಕೊಡುತ್ತಿದ್ದರು. ಹಾಗಾಗಿ ಮೇಲೇರುವುದು, ಕೆಳಗಿಳಿಯುವುದು ಎಂಬ ಮಾತು ಅವನಿಗೆ ಹಲ್ಲುನೋವಿದ್ದ ಹಾಗೆ. ನಾಲಿಗೆ ಹೊರಳಿ ಹೊರಳಿ ಅಲ್ಲಿಗೇ ಹೋಗುತ್ತಿತ್ತು.

ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದನ್ನು ಹೇಳುವಾಗ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವನ ಮಾವನವರು, ಅಂದರೆ ಹೆಂಡತಿಯ ತಂದೆ, ಕರಾಟೆ ಮೇಷ್ಟ್ರು. ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಬಿದ್ದು ಏಳುವುದು ಕಲಿಸಿದವರು. ನೋಡಿದರೆ ಸಣಕಲು ದೇಹ, ಮೆತ್ತಗಿನ ಮಾತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ "ಕ್ಷಮಿಸಿ" ಎನ್ನುವ ಜಾತಿ. ಹಿಂದಿನ ವರ್ಷ ಕಾಯಿಲೆ ಬಿದ್ದು ಬಲಗೈ ಸ್ವಾಧೀನ ತಪ್ಪಿತು. ಔಷಧಿ, ವ್ಯಾಯಾಮ ಮಾಡಿ ಕೈ ಅಲ್ಪಸ್ವಲ್ಪ ಎತ್ತುವಂತಾದರೂ ಪಾಠ ಮುಂದುವರಿಸುವ ಹಾಗಿರಲಿಲ್ಲ. ಅವರ ಬೆಲ್ಟು ಮನೆಯ ನಡುಕೋಣೆಯ ಮೊಳೆಗೆ ನೇತುಬಿದ್ದಿತ್ತು.

ಬೆಲ್ಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅರ್ಥಾಯ್ತಪ್ಪನ ಹಾಗೆ ಆಗುತ್ತೀರಿ. ಆ ವಿದ್ಯೆಯಲ್ಲಿ ಹೊಸದಾಗಿ ಸೇರಿದವರ ಸೊಂಟಕ್ಕೆ ಬಿಳಿ ಬೆಲ್ಟು. ಕಲಿತಂತೆ ಹಳದಿ, ಹಸಿರು, ಕಂದು, ಕೊನೆಗೆ ಕಪ್ಪು. ಇದಿಷ್ಟು ಎಲ್ಲರಿಗೂ ಗೊತ್ತು. ಅರ್ಥಾಯ್ತಪ್ಪನಿಗೂ ಗೊತ್ತಿತ್ತು, ಗೊತ್ತಿದ್ದದ್ದೇ ಅನಾಹುತವಾಯಿತು.

ಅವತ್ತು ಸಂಜೆ ಅವನು ಮಾವನ ಮನೆಗೆ ಹೋಗಿದ್ದಾಗ ನಾದಿನಿ, ಅಂದರೆ ಮೇಷ್ಟ್ರ ಚಿಕ್ಕ ಮಗಳು, ಮೊಳೆಯಿಂದ ಬೆಲ್ಟು ತೆಗೆದು ಎರಡೂ ಕೈಯಲ್ಲಿ ಹಿಡಿದು ತಂದಳು.

"ಭಾವ, ನೋಡಿದ್ರಾ? ಅಪ್ಪನ ಬೆಲ್ಟು ಹೆಚ್ಚುಕಮ್ಮಿ ಪೂರ್ತಿ ಬೆಳ್ಳಗಾಗ್ಹೋಯ್ತು!"

"ಅಯ್ಯಯ್ಯೋ! ಕಪ್ಪಿತ್ತಲ್ಲಮ್ಮ ಇದು?"

"ಇತ್ತು. ಈ ಭಾನುವಾರ ಹಾಲ್‌ನಲ್ಲಿ ಎಲ್ಲರ ಮುಂದೆ ಅಪ್ಪ ಇದನ್ನ ಬಿಚ್ಚಿ ಕೊಟ್ಟುಬಿಡ್ತಾರೆ. ಆಮೇಲೆ..."

ಹುಡುಗಿಯ ಕಣ್ಣು ತುಂಬಿ ಬಂತು. ಅರ್ಥಾಯ್ತಪ್ಪನ ಕೈ ತಾನಾಗಿ ಮೇಲೆದ್ದಿತು.

"ಅರ್ಥ ಆಯ್ತಮ್ಮ. ನೀನು ಹೇಳೋದೇ ಬೇಡ."

"ಅಲ್ಲ ಭಾವ, ಪೂರ್ತಿ ಕೇಳಿ ಇಲ್ಲಿ..."

"ಬೇಡ ಬೇಡ. ಇಂಥದ್ದನ್ನ ಬಾಯಿಬಿಟ್ಟು ಹೇಳೋದು ಎಷ್ಟು ಕಷ್ಟ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅವಳು ಹೇಳಬೇಕೆಂದಿದ್ದ ಉಳಿದರ್ಧ ನಿಮಗಾದರೂ ತಿಳಿದಿರಲಿ. ಅಪ್ಪ ಆ ಬೆಲ್ಟನ್ನು ತಮ್ಮ ಸೊಂಟದಿಂದ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟುವವರಿದ್ದರು, ಆಮೇಲೆ ಹಾಲ್ ಅವಳದು, ಮಕ್ಕಳು ಅವಳ ಮಕ್ಕಳು. ಹಾಲುಹಲ್ಲು ಬೀಳುವ ಮೊದಲಿನಿಂದ "ಅದು ನಂಗೆ" ಎಂದು ಕೇಳಿಕೊಂಡೇ ಬೆಳೆದವಳು. ಇನ್ನು ಬೆಲ್ಟು ಬೆಳ್ಳಗಾದದ್ದೋ, ಅದನ್ನು ಯಾರೂ ಬಿಳಿ ಮಾಡಿರಲಿಲ್ಲ. ದಿನಾ ಬಿಗಿದು ಬಿಚ್ಚಿ, ಬೆವರಲ್ಲಿ ನೆನೆದು, ಮೇಲಿನ ಕಪ್ಪು ನೂಲು ಸವೆದು ಒಳಗಿನ ಬಿಳಿ ಕಾಣಿಸಿಕೊಂಡಿತ್ತು. ಹಾಗಾಗುವುದಕ್ಕೆ ಒಂದು ಆಯುಷ್ಯ ಹಿಡಿಯುತ್ತದೆ. ಆ ವಿದ್ಯೆಯವರು ಅಂಥ ಬೆಲ್ಟು ಕಂಡರೆ ತಲೆಬಾಗುತ್ತಾರೆ. ನನಗೂ ಇದೆಲ್ಲ ತಿಳಿದದ್ದು ಆಮೇಲೆ, ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ಅರ್ಥಾಯ್ತಪ್ಪನಿಗೆ ಆದ ಅರ್ಥವೇ ಬೇರೆ. ಕಪ್ಪಿನಿಂದ ಬಿಳಿಗೆ! ಅಂದರೆ ಮಾವನವರಿಗೆ ಹಿಂಬಡ್ತಿಯಾಗಿದೆ. ಒಂದು ದರ್ಜೆಯಲ್ಲ, ಎರಡು ದರ್ಜೆಯಲ್ಲ, ಮೇಲಿನಿಂದ ಸೀದಾ ನೆಲಕ್ಕೆ. ಸಾಲದ್ದಕ್ಕೆ ಭಾನುವಾರ ಎಲ್ಲರ ಮುಂದೆ ಬೆಲ್ಟು ಬಿಚ್ಚಿಸುತ್ತಾರೆ.

ಅನುಮಾನ ಪರಿಹಾರಕ್ಕೆಂದು ಅವನು ನಮ್ಮ ಬೀದಿಯ ಮೂಲೆಮನೆಯ ರಿಟೈರ್ಡ್ ಪೊಲೀಸಪ್ಪನ ಗೇಟಿಗೆ ಹೋದ. ನಾನೂ ಅಲ್ಲೇ ಪೇಪರು ಓದುತ್ತಿದ್ದೆ.

"ಸಾರ್, ಒಬ್ಬ ಮನುಷ್ಯನ ಬೆಲ್ಟನ್ನ ಎಲ್ಲರ ಎದುರಿಗೆ ಬಿಚ್ಚಿಸಿದ್ರೆ ಏನರ್ಥ?"

ಪೊಲೀಸಪ್ಪನವರ ಮೀಸೆ ನೆಟ್ಟಗಾಯಿತು. "ಇನ್ನೇನರ್ಥ? ಸಸ್ಪೆಂಡು! ನಮ್ಮಲ್ಲಿ ಟೋಪಿ ಆಮೇಲೆ, ಬೆಲ್ಟು ಮೊದಲು. ಬೆಲ್ಟು ಹೋಯ್ತೋ, ಮಾನ ಹೋಯ್ತು. ಪ್ಯಾಂಟು ಒಂದು ಉಳಿದ್ರೆ ಅದೃಷ್ಟ. ಯಾರಿಗಯ್ಯಾ ಆಗಿದ್ದು?"

"ಯಾರಿಗೂ ಹೇಳ್ಬೇಡಿ. ನಮ್ಮ ಮಾವನವರಿಗೆ."

ಪೊಲೀಸಪ್ಪನವರು ಯಾರಿಗೂ ಹೇಳಲಿಲ್ಲ, ಹೆಂಡತಿಗೆ ಮಾತ್ರ ಹೇಳಿದರು. ಆಕೆಯೂ ಯಾರಿಗೂ ಹೇಳಲಿಲ್ಲ, ಪಕ್ಕದ ಮನೆಯ ನರ್ಸಮ್ಮನಿಗೆ ಮಾತ್ರ. ಹೀಗೆ ಯಾರೂ ಯಾರಿಗೂ ಹೇಳದೆ ಮರುದಿನ ಹಾಲು ಬರುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಯಿತು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಕಾರಣಗಳೂ ಬೇಗಬೇಗ ಹುಟ್ಟಿದವು. ಶಿಷ್ಯನೊಬ್ಬನ ಕೈಲಿ ಸೋತರಂತೆ ಎಂದರು ಕೆಲವರು. ಪರೀಕ್ಷೆಗೆ ಮತ್ತೆ ಕೂರಿಸಿದರಂತೆ, ಫೇಲಂತೆ ಎಂದರು ಇನ್ನು ಕೆಲವರು. ಜಪಾನಿನಿಂದಲೇ ಆರ್ಡರು ಬಂದಿದೆ ಎಂದು ಇಸ್ತ್ರಿ ಅಂಗಡಿಯವನು ಖಚಿತವಾಗಿ ಹೇಳಿದ. ಅವನ ಕೈಗೆ ಜಪಾನಿನ ಆರ್ಡರು ಹೇಗೆ ಬಂತೆಂದು ನಾವ್ಯಾರೂ ಕೇಳಲಿಲ್ಲ.

ಸಮಾಧಾನ ಹೇಳಲು ಮೇಷ್ಟ್ರ ಮನೆಗೆ ಹೊರಟೆವು. ನೇರವಾಗಿ ಹೇಳಿದರೆ ನೋವಾದೀತೆಂದು ಎಲ್ಲರೂ ಸುತ್ತಿ ಬಳಸಿ ಹೇಳಬೇಕೆಂದು ಮಾತಾಗಿತ್ತು.

"ಮೇಷ್ಟ್ರೇ, ಮೇಲೆ ಹೋದವರು ಒಂದಲ್ಲ ಒಂದಿನ ಕೆಳಗೆ ಬರಲೇಬೇಕು," ಎಂದರು ಪೊಲೀಸಪ್ಪ, ಗಂಟಲು ಸರಿಮಾಡಿಕೊಂಡು.

"ಹೌದು, ಅದೇ ಕಷ್ಟ ಆಗಿರೋದು," ಎಂದರು ಮೇಷ್ಟ್ರು. "ಹತ್ತುವಾಗ ಗೊತ್ತಾಗಲ್ಲ, ಇಳಿಯುವಾಗ ಮಂಡಿ ಹಿಡ್ಕೊಳತ್ತೆ. ಹಾಲ್ ಮೆಟ್ಟಿಲು ಬಲು ಕಡಿದು ನೋಡಿ."

ಎಂಥ ಸ್ಥಿತಪ್ರಜ್ಞರು ಎಂದು ನಾವು ಮುಖ ಮುಖ ನೋಡಿಕೊಂಡೆವು. ಅತ್ತ ನರ್ಸಮ್ಮ ಅರ್ಥಾಯ್ತಪ್ಪನ ಹೆಂಡತಿಯನ್ನು ಬಾಗಿಲ ಮರೆಗೆ ಎಳೆದು, "ಧೈರ್ಯ ತಗೋಮ್ಮ. ಇಷ್ಟು ಒಳ್ಳೆಯವರಿಗೆ ಹೀಗಾಗಬಾರದಿತ್ತು" ಎಂದರು. ಆಕೆ ಅಪ್ಪನ ಕೈಯ ವಿಷಯವೆಂದುಕೊಂಡು, "ಏನ್ಮಾಡೋದು ಆಂಟಿ, ನಿಧಾನಕ್ಕೆ ಸರಿಹೋಗತ್ತೆ ಅಂದಿದಾರೆ ಡಾಕ್ಟ್ರು" ಎಂದು ಕಣ್ಣೊರೆಸಿಕೊಂಡಳು. ಡಾಕ್ಟರ ತನಕ ಹೋಗಿದೆಯಾ ಎಂದು ನರ್ಸಮ್ಮ ಇನ್ನಷ್ಟು ಮರುಗಿದರು. ಆ ವಾರವೆಲ್ಲ ಆಕೆ ತವರಿನಲ್ಲೇ ಭಾನುವಾರದ ಓಡಾಟದಲ್ಲಿದ್ದಳು. ಗಂಡ ಒಂದು ಮಾತು ಅವಳನ್ನು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೆಣ್ಣುಮಗಳ ಎದುರು ಅವಳಪ್ಪನ ಅವಮಾನ ಎತ್ತಬಾರದೆಂದು ಅವನು ಕೇಳಲಿಲ್ಲ. ಆ ಒಳ್ಳೆಯತನವನ್ನು ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅರ್ಥಾಯ್ತಪ್ಪ ಕ್ರೀಡಾ ಇಲಾಖೆಗೆ ಅರ್ಜಿ ಹಾಕಿದ. ಅಲ್ಲಿನ ಸಾಹೇಬರು ಪುಟ್ಟ ಕೋಣೆಯಲ್ಲಿ ದೊಡ್ಡ ಮೇಜಿನ ಹಿಂದೆ ಕೂತು ಟೀ ಆರಿಸುತ್ತಿದ್ದರು.

"ಏನ್ರೀ ಇದು, ಕಪ್ಪು ಬಿಳಿ ಆಗಿದೆ ಅಂತ ಬರೆದಿದೀರಿ? ಕಪ್ಪನ್ನ ಬಿಳಿ ಮಾಡೋದು ತೆರಿಗೆ ಇಲಾಖೆ ವಿಷಯ. ಪಕ್ಕದ ಬಿಲ್ಡಿಂಗ್."

"ಅದಲ್ಲ ಸಾರ್, ಬೆಲ್ಟು. ನಮ್ಮ ಮಾವನವರದ್ದು. ಅನ್ಯಾಯವಾಗಿ ಹಿಂಬಡ್ತಿ ಕೊಟ್ಟಿದಾರೆ."

"ಯಾರು ಕೊಟ್ಟಿದ್ದು?"

"ಗೊತ್ತಿಲ್ಲ ಸಾರ್. ಮೇಲಿನವರು."

ಮೇಲಿನವರು ಎಂಬ ಪದ ಕೇಳಿದ ಕೂಡಲೇ ಸಾಹೇಬರು ಟೀ ಲೋಟ ಕೆಳಗಿಟ್ಟರು. ಅವರಿಗೂ ಮೇಲಿನವರಿದ್ದರು. ಧ್ವನಿ ತಗ್ಗಿತು. "ನೋಡಿ, ಮೇಲಿನವರ ಆರ್ಡರು ರದ್ದು ಮಾಡೋಕೆ ನನ್ನ ಕೈಲಾಗಲ್ಲ. ಆದ್ರೆ ಭಾನುವಾರ ನಾನೇ ಖುದ್ದಾಗಿ ಬರ್ತೀನಿ. ಸ್ಥಳ ಪರಿಶೀಲನೆ ಹೊತ್ತಲ್ಲಿ ಬೆಲ್ಟು ಕಪ್ಪಗೆ ಕಂಡ್ರೆ, ಕಪ್ಪು ಅಂತ ಬರೀತೀನಿ. ನಾನು ಕಣ್ಣಿಗೆ ಕಂಡದ್ದು ಬರೆಯೋನು..."

"ಅರ್ಥ ಆಯ್ತು ಸಾರ್!" ಎಂದ ಅರ್ಥಾಯ್ತಪ್ಪ. ಜೀವಮಾನದಲ್ಲಿ ಬಹುಶಃ ಅದೊಂದು ಸಲ ಅವನಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಶನಿವಾರ ಆಫೀಸು ಅರ್ಧ ದಿನ. ಮಾವನವರನ್ನು ಹೆಣ್ಣುಮಕ್ಕಳಿಬ್ಬರೂ ಕೈಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ದಿದ್ದರು. ಅತ್ತೆ ಒಬ್ಬರೇ ಇದ್ದರು. ಅವನು ಹೋಗಿ, "ಅತ್ತೆ, ಮಾವನವರ ಡ್ರೆಸ್ಸು ಬೆಲ್ಟು ಇರೋ ಬ್ಯಾಗು ಕೊಡಿ, ನಾನೇ ಹಾಲ್‌ಗೆ ಮುಟ್ಟಿಸಿ ಬೀಗ ಹಾಕಿ ಬರ್ತೀನಿ. ನಾಳೆ ಅವಸರ ಬೇಡ" ಎಂದ.

ಅಳಿಯನಿಗೆ ಇಷ್ಟು ಜವಾಬ್ದಾರಿ ಬಂದದ್ದು ಕಂಡು ಅತ್ತೆಗೆ ಹಾಲು ಕುಡಿದಷ್ಟು ಸಂತೋಷ. "ಜೋಪಾನ ಕಣಪ್ಪ. ಆ ಬೆಲ್ಟಿಗೆ ಇಷ್ಟು ವರ್ಷದಲ್ಲಿ ನಾನು ಒಂದು ಹನಿ ನೀರು ತೋರಿಸಿಲ್ಲ. ಒಗೀಬಾರದು ಅಂತ ಮದುವೆಯಾದ ಹೊಸದರಲ್ಲೇ ಹೇಳಿಬಿಟ್ರು. ಯಾಕಂದ್ರೆ ಅದರಲ್ಲಿ ಅವರ ಬೆವರೆಲ್ಲ..."

"ಅರ್ಥ ಆಯ್ತು ಅತ್ತೆ," ಎಂದು ಬ್ಯಾಗು ಹೆಗಲಿಗೇರಿಸಿದ.

ದಾರಿಯಲ್ಲಿ ಅಂಗಡಿಗೆ ಹೋಗಿ ಬಟ್ಟೆಗೆ ಹಾಕುವ ಕಪ್ಪು ಬಣ್ಣ ಕೇಳಿದ.

"ಯಾವುದಕ್ಕೆ ಸಾರ್?" ಎಂದ ಅಂಗಡಿಯವನು.

"ಮರ್ಯಾದೆಗೆ."

"ಒಂದು ಪೊಟ್ಟಣ ಸಾಕಾ?"

"ಎರಡು ಕೊಡು. ನಮ್ಮ ಮಾವನವರದ್ದು ದೊಡ್ಡ ಮರ್ಯಾದೆ."

ಮಧ್ಯಾಹ್ನ ಅವನ ಬಚ್ಚಲ ಕಿಟಕಿಯಿಂದ ಹಬೆ ಏಳುತ್ತಿರುವುದು ಕಂಡು ನಾನು ಕೂಗಿದೆ, "ಏನಯ್ಯಾ, ಹೆಂಡತಿ ಇಲ್ಲದಾಗ ಏನು ಬೇಯಿಸ್ತಿದೀಯ?" ಒಳಗಿಂದ ಖುಷಿಯ ದನಿ ಬಂತು: "ನಾಳೆ ನೋಡಿ ಸಾರ್!" ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಹಾಕಿ, ಎರಡೂ ಪೊಟ್ಟಣ ಸುರಿದು, ಒಳಗಿನ ನೂಲಿಗೂ ಹಿಡಿಯಲಿ ಎಂದು ಬೆಲ್ಟನ್ನು ಕೈಯಿಂದಲೇ ಮುಳುಗಿಸಿ ಮುಳುಗಿಸಿ ತೆಗೆದನಂತೆ. ಅಂಚಿನಲ್ಲಿ ಎಳೆಎಳೆಯಾಗಿ ಜೋತಾಡುತ್ತಿದ್ದ ಬಿಳಿ ನೂಲುಗಳನ್ನು ಮೀಸೆ ಕತ್ತರಿಯಿಂದ ಒಂದೂ ಬಿಡದೆ ಕತ್ತರಿಸಿದ. ಬಿಸಿ ಇಸ್ತ್ರಿ ಮಾಡಿದ. ಸಂಜೆಗೆ ಬೆಲ್ಟು ಅಂಗಡಿಯಿಂದ ಆಗ ತಂದ ಹಾಗಿತ್ತು. ಅದನ್ನು ಹಾಲ್‌ನ ಪಕ್ಕದ ಕೋಣೆಯಲ್ಲಿಟ್ಟು ಬೀಗ ಜಡಿದು ಬಂದ. ಉಳಿದದ್ದು ಒಂದೇ ತೊಡಕು. ಎರಡೂ ಕೈ ಮಣಿಕಟ್ಟಿನವರೆಗೆ ಕಪ್ಪಾಗಿದ್ದವು. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ, ಕೊನೆಗೆ ಪಾತ್ರೆ ಉಜ್ಜುವ ನಾರು, ಯಾವುದಕ್ಕೂ ಜಗ್ಗಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಬಿಳಿ ಬೆಲ್ಟಿನ ಪುಟಾಣಿಗಳಿಂದ ಹಿಡಿದು, ತಲೆ ನರೆತ ಹಳೆಯ ಶಿಷ್ಯರವರೆಗೆ ಬಣ್ಣದ ಪ್ರಕಾರ ಸಾಲಾಗಿ ಕೂತಿದ್ದರು. ನಮ್ಮ ಬೀದಿಯವರೆಲ್ಲ ಗೋಡೆ ಬದಿಯ ಕುರ್ಚಿಗಳಲ್ಲಿ ಮುಖ ಇಳಿಬಿಟ್ಟುಕೊಂಡು ಕೂತಿದ್ದೆವು. ಸಾಹೇಬರಿಗೆ ಮುಂದಿನ ಕುರ್ಚಿ. ಅರ್ಥಾಯ್ತಪ್ಪ ಎರಡೂ ಕೈ ಪ್ಯಾಂಟಿನ ಜೇಬಿಗೆ ತುರುಕಿ ಬಾಗಿಲ ಬಳಿ ನಿಂತಿದ್ದ. ಮುಖದಲ್ಲಿ ಮಾತ್ರ ಎಂಥದೋ ಬೆಳಕು. ಬಡ್ತಿ ಸಿಕ್ಕಿದ್ದರೂ ಅವನ ಮುಖ ಹಾಗೆ ಹೊಳೆಯುತ್ತಿರಲಿಲ್ಲವೇನೋ.

ಮೇಷ್ಟ್ರು ಬಟ್ಟೆ ಬದಲಿಸಲು ಪಕ್ಕದ ಕೋಣೆಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಕೈ ಸರಿಯಿಲ್ಲ, ಕಷ್ಟವಾಗುತ್ತಿರಬೇಕೆಂದು ಚಿಕ್ಕ ಮಗಳು ಒಳಗೆ ಹೋದಳು. ಅವಳೂ ಬರಲಿಲ್ಲ. ಬಾಗಿಲ ಹಿಂದೆ ಅವಳು ಒಮ್ಮೆ "ಅಪ್ಪಾ" ಎಂದದ್ದು ಕೇಳಿಸಿತು, ಅಷ್ಟೆ.

ಕೊನೆಗೆ ಬಂದರು. ಬಿಳಿ ಉಡುಪಿನ ಮೇಲೆ ಬೆಲ್ಟು ಕಾಗೆಯ ರೆಕ್ಕೆಯಷ್ಟು ಕಪ್ಪಗೆ ಕಾಣುತ್ತಿತ್ತು. ಹಳೆಯ ಶಿಷ್ಯರ ಸಾಲಿನಲ್ಲಿ ಒಬ್ಬರು ಉಸಿರೆಳೆದುಕೊಂಡರು. ಇನ್ನೊಬ್ಬರು ತಲೆ ತಗ್ಗಿಸಿದರು. ಇತ್ತ ಗೋಡೆ ಬದಿಯ ನಾವು, ಬೆಲ್ಟು ಕಪ್ಪಗಿರುವುದನ್ನು ಕಂಡು, ಶಿಕ್ಷೆ ರದ್ದಾಯಿತೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಪೊಲೀಸಪ್ಪನವರು ಸೆಲ್ಯೂಟ್ ಹೊಡೆದರು. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು ತಟ್ಟಿದೆ. ಆ ಚಪ್ಪಾಳೆಯ ಸದ್ದು ನೆನಪಾದರೆ ಇವತ್ತಿಗೂ ಕೈ ಎಲ್ಲಿ ಬಚ್ಚಿಡಲಿ ಅನ್ನಿಸುತ್ತದೆ.

ಸಾಹೇಬರಂತೂ ಅವಕಾಶ ಬಿಡುವ ಪೈಕಿಯವರಲ್ಲ. ಯಾರೂ ಕರೆಯದಿದ್ದರೂ ಎದ್ದರು.

"ಬಹಳ ಸಂತೋಷ! ಮೇಷ್ಟ್ರಿಗೆ ಆಗಿದ್ದ ಹಿಂಬಡ್ತಿ ಬಗ್ಗೆ ಅವರ ಅಳಿಯಂದಿರು ನಮ್ಮ ಇಲಾಖೆಗೆ ಅರ್ಜಿ ಕೊಟ್ಟಿದ್ರು. ನಾವು ತಕ್ಷಣ ಸೂಕ್ತ ಸಲಹೆ ಕೊಟ್ವಿ. ಅದರ ಫಲವಾಗಿ ಬೆಳ್ಳಗಾಗಿದ್ದ ಬೆಲ್ಟು ಮತ್ತೆ ಕಪ್ಪಗಾಗಿದೆ. ಇದು ನಮ್ಮ ಇಲಾಖೆಯ ಸಾಧನೆ!"

ಮೇಷ್ಟ್ರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ತನ್ನನ್ನು ಹೊಗಳುತ್ತಿದ್ದಾರೆಂದು ತಿಳಿದ ಅರ್ಥಾಯ್ತಪ್ಪ ಸಂಕೋಚದಿಂದ, "ನಂದೇನಿಲ್ಲ, ನಂದೇನಿಲ್ಲ" ಎನ್ನುತ್ತ ಜೇಬಿನಿಂದ ಎರಡೂ ಕೈ ತೆಗೆದು ಆಡಿಸಿದ. ಕಪ್ಪು ಕೈಗಳು. ಅವನ ಹೆಂಡತಿ ಆ ಕೈ ನೋಡಿದಳು, ಅಪ್ಪನ ಬೆಲ್ಟು ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು. ಮಗಳ ಕಡೆ ತಿರುಗಿ ಎಡಗೈಯಿಂದ ಗಂಟು ಬಿಚ್ಚಿದರು. ಬೆಲ್ಟು ಒಳಗೆ ಇನ್ನೂ ಹಸಿಯಿತ್ತೋ ಏನೋ, ಅವರ ಬಿಳಿ ಅಂಗಿಯ ಸುತ್ತ ಕಪ್ಪು ಗೆರೆ ಎಳೆದು, ಅಂಗೈಗೂ ಹತ್ತಿತ್ತು. ಬಿಚ್ಚಿದ್ದನ್ನು ಹಿಡಿದುಕೊಂಡು ಹಾಗೇ ನಿಂತರು. ಕಟ್ಟುವುದೋ ಬೇಡವೋ ಎಂದು ಅವರಿಗೇ ತಿಳಿಯಲಿಲ್ಲವೆಂದು ಕಾಣುತ್ತದೆ.

"ಕಟ್ಟಿ ಅಪ್ಪ," ಎಂದಳು ಅವಳು.

ಕಟ್ಟಿದರು. ಬಲಗೈ ಮಾತು ಕೇಳದೆ ಗಂಟು ಎರಡು ಸಲ ಜಾರಿತು. ಅವಳು ಅಲುಗಾಡದೆ ನಿಂತಿದ್ದಳು. ಅವಳ ಹೊಸ ಬಿಳಿ ಉಡುಪಿಗೂ ಕಪ್ಪು ಇಳಿಯಿತು.

ಜನ ಚದುರಿದ ಮೇಲೆ ಹಾಲ್‌ನಲ್ಲಿ ಮನೆಯವರಷ್ಟೇ ಉಳಿದರು. ನಾನು ಕುರ್ಚಿ ಮಡಚುವ ನೆಪದಲ್ಲಿ ನಿಂತಿದ್ದೆ. ಮೇಷ್ಟ್ರು ಅಳಿಯನನ್ನು ಹತ್ತಿರ ಕೂರಿಸಿಕೊಂಡರು.

"ಯಾಕಪ್ಪ ಹೀಗೆ ಮಾಡಿದ್ರಿ?"

"ನಿಮ್ಮ ಮಾನ ಉಳಿಸೋಣ ಅಂತ ಮಾವ. ನಿಮಗೆ ಹಿಂಬಡ್ತಿ ಆಯ್ತಲ್ಲ, ಅದಕ್ಕೆ... ಆ ನೋವು ನಂಗೆ ಗೊತ್ತು ಮಾವ."

ಮೇಷ್ಟ್ರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

"ನಮ್ಮಲ್ಲಿ ಹಿಂಬಡ್ತಿ ಇಲ್ಲಪ್ಪ. ಶುರುವಲ್ಲಿ ಬಿಳಿ ಕಟ್ಟೋದು ಏನೂ ಬರಲ್ಲ ಅಂತ. ಕಪ್ಪು ಬಂದಾಗ ಎಲ್ಲ ಬಂತು ಅಂದ್ಕೋತೀವಿ. ಆಮೇಲೆ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಕಪ್ಪು ಸವೆದು ಒಳಗಿನ ಬಿಳಿ ಕಾಣೋ ಹೊತ್ತಿಗೆ, ನಮಗೆ ಇನ್ನೂ ಏನೂ ಬರಲ್ಲ ಅಂತ ಗೊತ್ತಾಗತ್ತೆ. ನಂದು ಇನ್ನೇನು ಪೂರ್ತಿಯಾಗಿತ್ತು. ತುದೀಲಿ ಒಂದು ಬೆರಳಷ್ಟು ಕಪ್ಪು ಉಳಿದಿತ್ತು. ಅಷ್ಟನ್ನ ಅವಳು ಮುಗಿಸ್ಲಿ ಅಂತ ಆಸೆ ಇಟ್ಕೊಂಡಿದ್ದೆ."

ಅರ್ಥಾಯ್ತಪ್ಪನ ಕೈ ಮೇಲೇಳಲಿಲ್ಲ. ಕಡೆಗೆ, "ಮತ್ತೆ ಸವೆದ್ರೆ ಬಿಳಿ ಬರತ್ತೆ ಅಲ್ವಾ ಮಾವ?" ಎಂದ.

"ಒಳಗೆ ಬಿಳಿ ಉಳಿದಿದ್ರೆ ಬರತ್ತೆ."

"ಒಳಗೂ ಹಿಡೀಲಿ ಅಂತ ಚೆನ್ನಾಗಿ ಕುದಿಸಿದ್ದೆ ಮಾವ," ಎಂದವನೇ ಅರ್ಥಾಯ್ತಪ್ಪ ಆ ಕಪ್ಪು ಕೈಗಳಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಆ ವೇಷ ಕಂಡು ನಗುವ ಶಕ್ತಿ ಯಾರಿಗೂ ಇರಲಿಲ್ಲ.

ನಾದಿನಿ ಬೆಲ್ಟು ಬಿಗಿಮಾಡಿಕೊಳ್ಳುತ್ತ ಅವನ ಮುಂದೆ ಬಂದು ನಿಂತಳು. ಬೈಗುಳ ಬೀಳುತ್ತದೆಂದು ನಾನು ಕಾದೆ.

"ಭಾವ, ಅವತ್ತು ನಾನು ಮಾತು ಮುಗಿಸಿರ್ಲಿಲ್ಲ," ಎಂದಳು, ಅಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಗೊಡದ ಮಾತಿನಿಂದ ಏನು ಹೋಗುತ್ತದೆಂದು ಯಾವ ಗಾದೆಯೂ ನನಗೆ ಹೇಳಿಕೊಟ್ಟಿರಲಿಲ್ಲ.

ಈಗಲೂ ಅರ್ಥಾಯ್ತಪ್ಪ ಎದುರುಮನೆಯಲ್ಲೇ ಇದ್ದಾನೆ. ಅವನ ಕೈಯ ಕಪ್ಪು ಎಂದೋ ಹೋಯಿತು. ದೂರು ಹೇಳಲು ಬಂದವರ ಮಾತನ್ನು ಈಗ ಕೊನೆಯವರೆಗೂ ಕೇಳುತ್ತಾನಂತೆ, ಅದರಿಂದ ಕ್ಯೂ ಬೆಳೆದು ಬೀದಿಗೆ ಬಂದು, ಅದಕ್ಕೂ ಒಂದು ಮೆಮೊ ಬಂದಿದೆ. ಮೇಷ್ಟ್ರು ಮತ್ತೆ ಮಲಗಿದರು, ಮಂಚ ಬಿಟ್ಟು ಏಳುವುದು ಕಡಿಮೆ. ಆಫೀಸು ಮುಗಿದ ಕೂಡಲೇ ಅಳಿಯ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಹಾಲ್‌ನ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗೆ ನಾದಿನಿ ಮಕ್ಕಳಿಗೆ ಹೇಳಿಕೊಡುತ್ತಿರುತ್ತಾಳೆ. ಅವನ ಜೊತೆ ಮಾತಿಲ್ಲ. ಆದರೆ ಅವನು ಬಂದದ್ದು ಕಂಡರೆ, ಸೊಂಟದ ಗಂಟು ಬಾಗಿಲ ಕಡೆಗೆ ಕಾಣುವಂತೆ ಒಂದು ಗಳಿಗೆ ತಿರುಗಿ ನಿಲ್ಲುತ್ತಾಳೆ. ಅವನು ಕನ್ನಡಕ ಒರೆಸಿಕೊಂಡು, ಬಿಳಿ ಎಳೆ ಕಾಣುತ್ತದೇನೋ ಎಂದು ನೋಡಿ, ಅಲ್ಲಿಂದ ಸೀದಾ ಮಾವನ ಮನೆಗೆ ಹೋಗುತ್ತಾನೆ.

ನಮ್ಮ ಪೊಲೀಸಪ್ಪನವರು ಒಂದು ದಿನ ಅವನಿಗೆ ಉಪಾಯ ಹೇಳಿಕೊಟ್ಟರು. "ಬೆಲ್ಟಿಗೆ ಒಂಚೂರು ಬ್ಲೀಚಿಂಗ್ ಪೌಡರ್ ಹಾಕಿದ್ರೆ ಆಯ್ತಪ್ಪ, ಮುದುಕರು ಕಣ್ತುಂಬ ನೋಡ್ಕೊಂಡು ಹೋಗ್ಲಿ. ಅದೂ ಬೇಡ, ಕಾಣ್ತು ಅಂತ ಬಾಯಲ್ಲಿ ಹೇಳು, ಏನು ಗಂಟು ಹೋಗತ್ತೆ?" ಅವನು ಆ ಮಾತನ್ನು ಪೂರ್ತಿ ಕೇಳಿಸಿಕೊಂಡು ಎದ್ದು ಹೋದ.

ಮೊನ್ನೆ ಮೇಷ್ಟ್ರನ್ನು ನೋಡಲು ನಾನೂ ಹೋಗಿದ್ದೆ. ಅಳಿಯ ಬಂದು ಮಂಚದ ಪಕ್ಕ ಕೂತ. ಮೇಷ್ಟ್ರು ಕಣ್ಣು ತೆರೆದರು. ಮಾತು ತೊದಲುತ್ತಿತ್ತು, ನಿಂತು ನಿಂತು ಬರುತ್ತಿತ್ತು. ಅವನು ಕಾದ.

"ಇವತ್ತು... ಏನಾದ್ರೂ... ಕಾಣ್ತಾ?"

"ಇಲ್ಲ ಮಾವ. ಕಪ್ಪೇ ಇದೆ."

ಮೇಷ್ಟ್ರು ಅವನ ಕಡೆ ಮುಖ ತಿರುಗಿಸಿದರು.

"ನಾಳೆ... ನೋಡಿ," ಎಂದರು.

"ನೋಡ್ತೀನಿ ಮಾವ," ಎಂದು ಅವನು ಹಾಗೇ ಕೂತಿದ್ದ. ಅವರು ಇನ್ನೇನಾದರೂ ಹೇಳುವುದಿದೆಯೇನೋ ಎಂದು.